ಅಂಕಿತವಳಿದ ಬಿಂಬಗಳು

ವಚನವಾಙ್ಮಯವನ್ನು ವ್ಯಾಸಂಗ ಮಾಡುವವರಿಗೆ ಅಂಕಿತದ ಮಹತ್ತ್ವವನ್ನು ವಿವರಿಸಬೇಕಾದ ಅವಶ್ಯಕತೆಯಿಲ್ಲ. ಓಲೆಯ ಕಟ್ಟಿನಲ್ಲಿ ವಚನಗಳು ಒಂದರ ಬೆನ್ನಿಗೆ ಒಂದಾಗಿ, ನಡುವೆ ಎಡೆಯಿಲ್ಲದೆ ಸಾಗಿರುವಾಗ, 'ಕೂಡಲಸಂಗಮದೇವ', 'ಗುಹೇಶ್ವರ', 'ಚೆನ್ನಮಲ್ಲಿಕಾರ್ಜುನ' ಎಂಬೊಂದು ಸಂಬೋಧನೆಯೇ ಇದು ಯಾರ ನುಡಿ, ಎಲ್ಲಿಗೆ ಮುಗಿಯಿತು ಎಂಬೆರಡನ್ನೂ ತಿಳಿಸಿಕೊಡುತ್ತದೆ. ಅಂಕಿತದ ಭಾಗ ಮುರಿದುಹೋದ ಗರಿಯನ್ನು ಕೈಯಲ್ಲಿ ಹಿಡಿದವರಿಗೆ ಆ ನಷ್ಟ ಎಂಥದೆಂಬುದು ತಿಳಿದೇ ಇದೆ. ಪ್ರಸ್ತುತ ನಾನು ಹೇಳಹೊರಟಿರುವುದು ಓಲೆಯ ವಿಷಯವನ್ನಷ್ಟೇ ಅಲ್ಲ; ಓಲೆಗಿಂತ ಎಷ್ಟೋ ಈಚಿನದಾದರೂ ಓಲೆಗಿಂತ ಬೇಗನೆ ತನ್ನ ಅಂಕಿತವನ್ನು ಕಳೆದುಕೊಳ್ಳುತ್ತಿರುವ ಮತ್ತೊಂದು ಸಾಮಗ್ರಿಯ ವಿಷಯವನ್ನು. 1990ರ ದಶಕದಲ್ಲಿ ನಮ್ಮ ಮುದ್ರಣಾಲಯಗಳು ಅಚ್ಚಿಗೆ ಮುಂಚೆ ಗಣಕಯಂತ್ರದಲ್ಲಿ ಸಿದ್ಧಪಡಿಸಿ, ಫ್ಲಾಪಿ ಮುಂತಾದ ತಟ್ಟೆಗಳಲ್ಲಿ ಕಾದಿರಿಸಿದ ಚಿತ್ರಗಳೇ ಆ ಸಾಮಗ್ರಿ.

ಈ ವಿಚಾರಕ್ಕೆ ನನ್ನನ್ನು ಎಳೆದುತಂದ ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ. 1998ರಲ್ಲಿ ನಮ್ಮ ಭಾಗದಲ್ಲಿ ನಡೆದ ಒಂದು ಶರಣಸಾಹಿತ್ಯ ಗೋಷ್ಠಿಯ ನಿಮಿತ್ತ ಸ್ಮರಣ ಸಂಚಿಕೆಯೊಂದು ಕುಮಟೆಯಲ್ಲಿ ಅಚ್ಚಾಯಿತು. ಅದರ ಸಂಪಾದಕರಲ್ಲಿ ನಾನೂ ಒಬ್ಬ. ಮುಖಪುಟಕ್ಕೆ ಹೊನ್ನಾವರದ ಬಳಿ ಸಮುದ್ರದಲ್ಲಿರುವ ಬಸವರಾಜದುರ್ಗದ ವರ್ಣಚಿತ್ರ. ಒಳಗೆ ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಭಿತ್ತಿಶಿಲ್ಪಗಳು. ಹೊನ್ನಾವರ ತಾಲೂಕಿನ ಒಂದು ಮನೆಯಲ್ಲಿದ್ದ ವಚನದ ಓಲೆಕಟ್ಟಿನ ಆರು ಗರಿಗಳ ಛಾಯಾಚಿತ್ರಗಳ ಪೈಕಿ ಒಂದು. ವಿಷ್ಣು ದೇವಾಲಯದ ಚಿತ್ರ ಶರಣಸಾಹಿತ್ಯದ ಸಂಚಿಕೆಯಲ್ಲೇಕೆ ಎಂದು ಆಗ ಕೆಲವರು ಕೇಳಿದ್ದುಂಟು. ಗೋಷ್ಠಿಯ ವಿಷಯವೇ ಕೆಳದಿಯ ಅರಸರ ಕಾಲದ ಕರಾವಳಿ ಎಂಬುದಾಗಿತ್ತು. ಆ ಅರಸರು ವೀರಶೈವರಾಗಿದ್ದರೂ ಅವರ ಆಳ್ವಿಕೆಗೊಳಪಟ್ಟ ನಾಡಿನಲ್ಲಿ ಬಸದಿ, ವಿಷ್ಣುಗುಡಿ, ಮಸೀದಿಗಳೆಲ್ಲ ಇದ್ದವು. 1763ರಲ್ಲಿ ಆ ರಾಜ್ಯ ಹೈದರನ ಕೈಸೇರಿದ ಮೇಲೂ ಉಳಿದವು.

ಆ ಓಲೆಕಟ್ಟು ಈಗ ಇಲ್ಲ. ಮನೆ ಕೆಡವಿ ಹೊಸತು ಕಟ್ಟುವಾಗ ಅಟ್ಟದ ಸಾಮಾನುಗಳೊಡನೆ ಅದನ್ನು ಕೊಟ್ಟಿಗೆಗೆ ಸ್ಥಳಾಂತರಿಸಿದರು. ಮಳೆಗಾಲ ಕಳೆಯುವಷ್ಟರಲ್ಲಿ ಗೆದ್ದಲು ತನ್ನ ಕೆಲಸ ಮುಗಿಸಿತ್ತು. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ತಲೆತಲಾಂತರದಿಂದ ಉಳಿದಿದ್ದ ವಸ್ತು ಕೊಟ್ಟಿಗೆಯಲ್ಲಿ ಒಂದು ಮಳೆಗಾಲಕ್ಕೆ ಉಳಿಯಲಿಲ್ಲ. ಛಾಯಾಚಿತ್ರಗಳ ಮೂಲಪ್ರತಿಗಳೂ ಎಲ್ಲಿ ಹೋದವೋ ತಿಳಿಯದು. ಉಳಿದದ್ದು ಸಂಚಿಕೆಯಲ್ಲಿ ಮೂರು ಅಂಗುಲದ ಅಗಲದಲ್ಲಿ ಅಚ್ಚಾದ, ಒಂದಕ್ಷರವನ್ನೂ ನೆಟ್ಟಗೆ ಓದಲಾಗದ ಒಂದು ಬೂದು ಪಟ್ಟಿ. ಅದರ ಕೆಳಗೆ 'ಬಸವಣ್ಣನವರ ವಚನಗಳುಳ್ಳ ಓಲೆಗರಿ' ಎಂಬ ಒಕ್ಕಣೆ. ಒಕ್ಕಣೆಯನ್ನು ಬರೆದವನು ನಾನೇ. ಮನೆಯ ಹಿರಿಯರು ಹಾಗೆಂದು ಹೇಳಿದರು. ಮಬ್ಬುಗತ್ತಲೆಯಲ್ಲಿ ಕಟ್ಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದ ನಾನು ಅದನ್ನೇ ಬರೆದುಬಿಟ್ಟೆ.

ನಿವೃತ್ತನಾದ ಬಳಿಕ ಆ ಮುದ್ರಣಾಲಯದವರು ತಮ್ಮ ಹಳೆಯ ಸಾಮಾನು ವಿಲೇವಾರಿ ಮಾಡುತ್ತಿದ್ದಾರೆಂದು ತಿಳಿದು, ಹೋಗಿ ಕೇಳಿದೆ. ಹದಿನೇಳು ಫ್ಲಾಪಿಗಳೂ ಎರಡು ಜಿಪ್ ಡಿಸ್ಕುಗಳೂ ಇದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಔದಾರ್ಯದಿಂದ ಕೊಟ್ಟರು. ಅದನ್ನು ತೆರೆದು ಓದಿದ ಕಥೆಯನ್ನು ಹೇಳುವ ಮುನ್ನ, ಇಂಥ ಪೆಟ್ಟಿಗೆಗಳು ಹೇಗೆ ಹುಟ್ಟಿಕೊಂಡವೆಂಬ ಇತಿಹಾಸವನ್ನು ಸಂಕ್ಷೇಪವಾಗಿಯಾದರೂ ನೋಡಬೇಕು.

ನಮ್ಮ ಕರಾವಳಿಯಲ್ಲಿ ಮುದ್ರಣ ಕಾಲಿಟ್ಟದ್ದು ಅಕ್ಷರವಾಗಿ ಅಲ್ಲ, ಚಿತ್ರವಾಗಿ ಎಂಬುದು ಲಕ್ಷ್ಯವಿಡಬೇಕಾದ ಸಂಗತಿ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ್ದು ಕಲ್ಲಚ್ಚಿನ ಮುದ್ರಣಾಲಯ. ಲಿಪಿಕಾರನು ವಿಶೇಷ ಮಸಿಯಿಂದ ಕಾಗದದ ಮೇಲೆ ಬರೆದುದನ್ನು ನುಣುಪಾದ ಕಲ್ಲಿಗೆ ಇಳಿಸಿ, ಆ ಕಲ್ಲಿನಿಂದ ಪ್ರತಿಗಳನ್ನು ತೆಗೆಯುತ್ತಿದ್ದರು. ಅಲ್ಲಿ ಪುಟವೆಂಬುದು ಇಡಿಯಾಗಿ ಒಂದು ಬಿಂಬ. ಅಕ್ಷರಕ್ಕೂ ಗೆರೆಗೂ ಭೇದವಿಲ್ಲ. 1843ರ 'ಮಂಗಳೂರ ಸಮಾಚಾರ' ಹೀಗೆಯೇ ಅಚ್ಚಾಯಿತು. 1848ರಿಂದ ಮೋಗ್ಲಿಂಗ್ ಪಾದ್ರಿಗಳು ಹೊರತಂದ ಪ್ರಾಚೀನ ಕಾವ್ಯಗಳ ಮಾಲೆಯೂ, ಅದರಲ್ಲಿ ಸೇರಿದ ಭೀಮಕವಿಯ ಬಸವಪುರಾಣವೂ ಕಲ್ಲಚ್ಚಿನವೇ. ಆಗ ಭಟ್ಕಳ, ಹೊನ್ನಾವರ, ಕುಮಟೆಗಳು ಮಂಗಳೂರಿನೊಡನೆ ಮದ್ರಾಸು ಆಧಿಪತ್ಯದಲ್ಲಿದ್ದವು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ ಮುಂದೆ ನಮ್ಮ ಊರುಗಳು ಆಡಳಿತಕ್ಕೆ ಒಂದು ದಿಕ್ಕನ್ನೂ ಅಚ್ಚಿನ ಕನ್ನಡಕ್ಕೆ ಇನ್ನೊಂದು ದಿಕ್ಕನ್ನೂ ನೋಡಬೇಕಾಯಿತು.

ಅಚ್ಚಿನ ಮೊಳೆಗಳು ಬಂದ ಮೇಲೆ ಅಕ್ಷರವೂ ಚಿತ್ರವೂ ಬೇರೆಯಾದವು. ಮೊಳೆಗಳನ್ನು ಒಂದೊಂದಾಗಿ ಜೋಡಿಸಬೇಕು. ಚಿತ್ರ ಬೇಕಾದರೆ ಸತುವಿನ ತಗಡಿನ ಮೇಲೆ ಬ್ಲಾಕು ಮಾಡಿಸಬೇಕು. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದ ಸಂಗತಿ ವಾಚಕರಿಗೆ ವಿದಿತವೇ ಇದೆ. ಆ ಪೂಜ್ಯರು ಓಲೆಗಳನ್ನು ಹುಡುಕಿ ಪ್ರತಿಮಾಡಿ ಅಚ್ಚಿಗೆ ಕೊಟ್ಟರು. ಓಲೆಯ ಪಾಠ ಹೀಗೆ ಉಳಿಯಿತು, ಓಲೆಯ ರೂಪ ಉಳಿಯಲಿಲ್ಲ. ಪ್ರತಿ ಗರಿಯ ಛಾಯಾಚಿತ್ರವನ್ನು ಬ್ಲಾಕು ಮಾಡಿಸುವುದು ಅಂದಿನ ವೆಚ್ಚಕ್ಕೆ ಎಟುಕುವ ಮಾತಾಗಿರಲಿಲ್ಲ. ಇದು ದೋಷಾರೋಪಣೆಯಲ್ಲ. ಅವರು ಪಾಠವನ್ನೇ ಬಿಟ್ಟು ರೂಪದ ಬೆನ್ನು ಹತ್ತಿದ್ದರೆ ಇಂದು ನಮ್ಮ ಕೈಯಲ್ಲಿ ಎರಡೂ ಇರುತ್ತಿರಲಿಲ್ಲ.

ಗಣಕಯಂತ್ರವು ಬೇರ್ಪಟ್ಟಿದ್ದ ಅಕ್ಷರವನ್ನೂ ಚಿತ್ರವನ್ನೂ ಮತ್ತೆ ಒಂದೇ ಪುಟಕ್ಕೆ ತಂದಿತು. ಇಸ್ರೇಲಿನ ಸೈಟೆಕ್ಸ್ ಸಂಸ್ಥೆ 1979ರಲ್ಲಿ ವರ್ಣಚಿತ್ರಗಳನ್ನು ಅಚ್ಚಿಗೆ ಸಜ್ಜುಗೊಳಿಸುವ ಗಣಕ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. 1984ರಲ್ಲಿ ಪುಟವನ್ನು ವರ್ಣಿಸುವ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆ, 1985ರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್, 1986ರಲ್ಲಿ ಚಿತ್ರಗಳನ್ನಿರಿಸುವ ಟಿಫ್ ಎಂಬ ವಿನ್ಯಾಸ, ಹೀಗೆ ವರ್ಷಕ್ಕೊಂದು ಬಂದವು. 1990ರ ದಶಕದಲ್ಲಿ ಕನ್ನಡದ ಅಕ್ಷರವಿನ್ಯಾಸಗಳು ದೊರೆತು ಸಣ್ಣ ಊರುಗಳ ಟ್ರೆಡಲ್ ಯಂತ್ರದ ಪಕ್ಕದಲ್ಲಿಯೂ ಗಣಕಯಂತ್ರ ಕುಳಿತಿತು. ಆದರೆ ವರ್ಣಚಿತ್ರದ ಕೆಲಸ ಸಣ್ಣ ಊರಿನಲ್ಲಿ ಸಾಗುವಂಥದಾಗಿರಲಿಲ್ಲ. ಏಕೆಂದರೆ, ಹಾಳೆಯಳತೆಯ, ಅಂಗುಲಕ್ಕೆ 300 ಬಿಂದುಗಳುಳ್ಳ ಒಂದು ವರ್ಣಚಿತ್ರದಲ್ಲಿ ಅಡ್ಡಕ್ಕೆ 2480, ಉದ್ದಕ್ಕೆ 3508 ಬಿಂದುಗಳು. ಪ್ರತಿ ಬಿಂದುವಿಗೂ ನೀಲಿ, ಕೆನ್ನೇರಿಳೆ, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳ ನಾಲ್ಕು ಅಂಕೆ. ಗುಣಿಸಿದರೆ ಸುಮಾರು ಮೂರೂವರೆ ಕೋಟಿ ಅಂಕೆಗಳಾಗುತ್ತವೆ. ಒಂದು ಚಿತ್ರಕ್ಕೆ 24 ಫ್ಲಾಪಿ ಬೇಕು.

ಆದುದರಿಂದ ವರ್ಣಚಿತ್ರಗಳನ್ನು ದೊಡ್ಡ ನಗರದ ಸಂಸ್ಕರಣಾಲಯಕ್ಕೆ ಕಳುಹಿಸುತ್ತಿದ್ದರು. ನಮ್ಮ ಸಂಚಿಕೆಯ ಚಿತ್ರಗಳು ಬಸ್ಸಿನಲ್ಲಿ ಹೋದವು. ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ್ದು ಅದೇ 1998ರ ಜನವರಿಯಲ್ಲಿಯಾದರೂ ನಮಗಿನ್ನೂ ಅದರ ರೂಢಿಯಾಗಿರಲಿಲ್ಲ. ನಗರದವರು ಪೂರ್ಣಚಿತ್ರವನ್ನು ತಮ್ಮಲ್ಲಿಯೇ ಇಟ್ಟುಕೊಂಡು, ಪುಟದಲ್ಲಿ ಜಾಗ ಗೊತ್ತುಮಾಡುವ ಸಲುವಾಗಿ ಅದರ ಕಿರಿದಾದ ಛಾಯೆಯೊಂದನ್ನು ಮಾತ್ರ ಸ್ಥಳೀಯ ಮುದ್ರಣಾಲಯಕ್ಕೆ ಕಳುಹಿಸುವ ಕ್ರಮ ಆಗ ರೂಢಿಯಲ್ಲಿತ್ತು. ಕೊನೆಗೆ ಫಿಲ್ಮು ತೆಗೆಯುವಾಗ ಛಾಯೆಯ ಜಾಗದಲ್ಲಿ ನಿಜಚಿತ್ರ ಬಂದು ಕೂರುತ್ತಿತ್ತು. ಅಂದಿಗೆ ಇದು ಜಾಣತನದ ಏರ್ಪಾಡೇ ಸರಿ. ಆದರೆ ಇಂದು ಹಳೆಯ ತಟ್ಟೆಗಳನ್ನು ತೆರೆಯುವವರಿಗೆ ಕಾದಿರುವ ಮೊದಲ ಆಶಾಭಂಗವೂ ಇದೇ: ಬಿಂಬವೆಂದು ತಿಳಿದು ಹಿಡಿದುಕೊಂಡದ್ದು ಪ್ರತಿಬಿಂಬವಾಗಿರುತ್ತದೆ.

ಈಗ ಪೆಟ್ಟಿಗೆಯ ಕಥೆ. ಬೆಂಗಳೂರಿನಲ್ಲಿ ಗಣಕದ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಅದನ್ನು ತೋರಿಸಿದೆ. ಒಂದು ಫ್ಲಾಪಿಯ ಬಾಗಿಲನ್ನು ಸರಿಸಿ ನೋಡಿ, "ಮಾಸ್ತರೇ, ಇದರ ಮೇಲೆ ಬೂಷ್ಟು ಬಂದಿದೆ, ಹೀಗೆಯೇ ಯಂತ್ರಕ್ಕೆ ಹಾಕಿದರೆ ತಟ್ಟೆಯೂ ಹೋಗುತ್ತದೆ, ಯಂತ್ರವೂ ಹೋಗುತ್ತದೆ" ಎಂದ. ನಮ್ಮ ಕರಾವಳಿಯ ಉಪ್ಪುಗಾಳಿ, ತೇವಗಳಿಗೆ ಓಲೆಯೆಂದೂ ಕಾಂತಲೇಪದ ತಟ್ಟೆಯೆಂದೂ ಭೇದವಿಲ್ಲ. ತಟ್ಟೆಗಳನ್ನು ಒಣಗಿಸಿ, ಮೃದುವಾಗಿ ಒರೆಸಿ, ಒಂದೊಂದನ್ನೂ ಒಮ್ಮೆಗೆ ಮಾತ್ರ ಓದಿಸಿ, ಓದಿದ್ದನ್ನು ಇದ್ದದ್ದು ಇದ್ದಂತೆಯೇ ಪ್ರತಿಮಾಡಿ ಇಟ್ಟುಕೊಂಡ ಬಳಿಕವೇ ಮುಂದಿನ ಕೆಲಸ ಎಂಬುದು ಅವನ ನಿಯಮ. ಫ್ಲಾಪಿಯ ಮೇಲಿನ ಕಾಂತೀಯ ಏರಿಳಿತಗಳನ್ನೇ ನೇರವಾಗಿ ದಾಖಲಿಸಿಕೊಳ್ಳುವ ಗ್ರೀಸ್‌ವೀಸಲ್ ಎಂಬ ಅಗ್ಗದ ಸಾಧನವೊಂದಿದೆ. ಸಾಮಾನ್ಯ ಯಂತ್ರ ಓದಲಾರೆನೆಂದ ತಟ್ಟೆಗಳನ್ನೂ ಅದರಿಂದ ಹಲವು ವೇಳೆ ಓದಿಸಬಹುದು. ಹದಿನೇಳರಲ್ಲಿ ಹದಿಮೂರು ಓದಿಬಂದವು. ಜಿಪ್ ಡಿಸ್ಕಿಗೆ ಬೇಕಾದ ಹಳೆಯ ಯಂತ್ರವನ್ನು ಹುಡುಕಿ ತರಿಸಲು ನಾಲ್ಕು ತಿಂಗಳು ಹಿಡಿಯಿತು.

ಓದಿಬಂದ ಕಡತಗಳಲ್ಲಿ ಅನೇಕಕ್ಕೆ ಹೆಸರಿತ್ತೇ ಹೊರತು ಕುಲವಿರಲಿಲ್ಲ. ಸಾಮಾನ್ಯ ಗಣಕಗಳಲ್ಲಿ ಹೆಸರಿನ ಕೊನೆಯ ಮೂರಕ್ಷರ ನೋಡಿ ಇದು ಇಂಥ ಬಗೆಯ ಕಡತವೆಂದು ತಿಳಿಯುತ್ತೇವೆ. ಆದರೆ ದೊಡ್ಡ ಸಂಸ್ಕರಣಾಲಯಗಳಲ್ಲಿದ್ದುದು ಮೆಕಿಂತೋಷ್ ಯಂತ್ರಗಳು. ಅಲ್ಲಿ ಬಾಲದ ಅಕ್ಷರಗಳ ರೂಢಿಯಿರಲಿಲ್ಲ. ಕಡತ ಯಾವ ಬಗೆಯದು, ಯಾವ ತಂತ್ರಾಂಶದ್ದು ಎಂಬ ವಿವರವನ್ನು ಕಡತದ ಹೊರಗೆ ಬೇರೆಯಾಗಿ ಬರೆದಿಡಲಾಗುತ್ತಿತ್ತು. ಅದನ್ನು ಬೇರೆ ಬಗೆಯ ತಟ್ಟೆಗೆ ಪ್ರತಿಮಾಡಿದ ಕ್ಷಣದಲ್ಲಿ ಆ ಬೇರೆ ಬರಹ ಉದುರಿಹೋಗುತ್ತಿತ್ತು. ಕಟ್ಟಿನಿಂದ ಕಟ್ಟಿಗೆ ಪ್ರತಿಮಾಡುವ ಲಿಪಿಕಾರನು ಕೊನೆಯ ಗರಿಯ ಪುಷ್ಪಿಕೆಯನ್ನು ಬಿಟ್ಟುಬಿಟ್ಟಂತೆ.

ಇಂಥಲ್ಲಿ ಕಡತದ ಒಳಗಿನ ಅಂಕಿತವನ್ನು ಹುಡುಕಬೇಕು. ಅದು ಇರುವುದು ವಚನದಲ್ಲಿಯಂತೆ ಕೊನೆಯಲ್ಲಲ್ಲ, ಮೊದಲಲ್ಲಿ. ಟಿಫ್ ಕಡತ ರೋಮನ್ ಲಿಪಿಯ 'ಐಐ' ಅಥವಾ 'ಎಂಎಂ' ಎಂಬ ಜೋಡಿಯಕ್ಷರದಿಂದ ಆರಂಭವಾಗುತ್ತದೆ, ಅದರ ಬೆನ್ನಿಗೆ 42 ಎಂಬ ಸಂಖ್ಯೆ. ಮೊದಲ ಜೋಡಿ ಸಂಖ್ಯೆಗಳನ್ನು ಕಿರಿಯ ಸ್ಥಾನದಿಂದ ಬರೆದಿದೆಯೆಂದೂ ಎರಡನೆಯದು ಹಿರಿಯ ಸ್ಥಾನದಿಂದ ಬರೆದಿದೆಯೆಂದೂ ತಿಳಿಸುತ್ತದೆ. ಪೋಸ್ಟ್‌ಸ್ಕ್ರಿಪ್ಟಿನವು ಶೇಕಡಾ ಚಿಹ್ನೆ, ಉದ್ಗಾರ ಚಿಹ್ನೆಗಳಿಂದ ಮೊದಲಾಗುತ್ತವೆ. ಸೈಟೆಕ್ಸಿನ ವರ್ಣಚಿತ್ರಗಳಲ್ಲಿ ಮೊದಲು 80 ಅಕ್ಷರಗಳಷ್ಟು ಟಿಪ್ಪಣಿಯ ಜಾಗ, ಬಳಿಕ 'ಸಿಟಿ' ಎಂಬ ಎರಡಕ್ಷರ. ಈ ರೀತಿಯಾಗಿ ನಮ್ಮ ಕಡತಗಳ ಬಹುಭಾಗದ ಕುಲ ನಿರ್ಣಯವಾಯಿತು. ಬಸವರಾಜದುರ್ಗದ ಮುಖಪುಟದ ಕಡತ ಪೋಸ್ಟ್‌ಸ್ಕ್ರಿಪ್ಟಿನದೆಂದು ತಿಳಿದಾಗ ಸಂತೋಷಪಟ್ಟೆವು. ತೆರೆದರೆ ಒಳಗಿದ್ದುದು ಬೆರಳಗಲದ ಛಾಯೆ, ಮತ್ತು ನಿಜಚಿತ್ರ ಬೇರೊಂದು ಯಂತ್ರದಲ್ಲಿದೆಯೆಂಬ ಸೂಚನೆ. ಆ ಯಂತ್ರ ಇಂದು ಎಲ್ಲಿಯೂ ಇಲ್ಲ.

ಭಟ್ಕಳದ ದೇವಾಲಯದ ಚಿತ್ರದ ಅದೃಷ್ಟ ಬೇರೆಯಾಗಿತ್ತು. ಜಿಪ್ ಡಿಸ್ಕಿನಲ್ಲಿ ಅದರ ಪೂರ್ಣ ಕಡತವೇ ಇತ್ತು. ಆದರೆ ಮೊದಲ ಭಾಗ ಓದದೆ, ಅಂಕಿತವೂ ಅಳತೆಗಳೂ ಹೋಗಿದ್ದವು. ಉಳಿದದ್ದು ಕೋಟಿಗಟ್ಟಲೆ ಅಂಕೆಗಳ ಒಂದೇ ಸಾಲು. ಪಂಕ್ತಿ ಎಲ್ಲಿ ಮುರಿಯಬೇಕೆಂದು ತಿಳಿಯದೆ ಆ ಹುಡುಗ ಕೈಚೆಲ್ಲಿ ಕುಳಿತಾಗ ನನಗೆ ಓಲೆಯ ಷಟ್ಪದಿ ನೆನಪಾಯಿತು. ಓಲೆಯಲ್ಲಿ ಪದ್ಯವನ್ನು ಪಾದಗಳಾಗಿ ಒಡೆದು ಬರೆಯುವುದಿಲ್ಲ. ಗದ್ಯದಂತೆ ಒಂದೇ ಸಮನೆ ಹರಿದಿರುತ್ತದೆ. ಸಂಪಾದಕನಾದವನು ಮಾತ್ರೆಗಳನ್ನೆಣಿಸುತ್ತಾನೆ. ಭಾಮಿನಿಯಾದರೆ ಪದ್ಯಕ್ಕೆ 102 ಮಾತ್ರೆ, ಮೊದಲ ಪಾದಕ್ಕೆ 14. ಸರಿಯಾದ ಕಡೆ ಮುರಿದರೆ ಪಾದಪಾದದ ಎರಡನೆಯ ಅಕ್ಷರ ಪ್ರಾಸಗೂಡಿ ಒಂದರ ಕೆಳಗೊಂದು ನಿಲ್ಲುತ್ತದೆ. ತಪ್ಪಿದರೆ ಪ್ರಾಸ ಓರೆಯಾಗಿ ಚದುರುತ್ತದೆ. ಚಿತ್ರಕ್ಕೂ ಇದೇ ಉಪಾಯವೆಂದು ಅವನಿಗೆ ಹೇಳಿದೆ. ಒಟ್ಟು ಅಂಕೆಗಳನ್ನು ನಾಲ್ಕರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆದು, ಒಂದೊಂದು ಅಗಲವನ್ನೂ ಪ್ರಯೋಗಿಸುತ್ತ ಹೋದೆವು. ಅಗಲ ತಪ್ಪಿದಾಗಲೆಲ್ಲ ಕಂಬಗಳು ಓರೆಯಾಗಿ ಜಾರಿದ ಗೆರೆಗಳಂತೆ ಕಾಣುತ್ತಿದ್ದವು. ಒಂದು ಅಗಲದಲ್ಲಿ ದೇವಾಲಯ ತಟ್ಟನೆ ನೆಟ್ಟಗೆ ನಿಂತಿತು.

ನಿಂತರೂ ಅದು ದೇವಾಲಯದ ನಾಲ್ಕು ಪ್ರತಿಗಳಾಗಿ ಹೆಣೆದುಕೊಂಡಿತ್ತು. ಸೈಟೆಕ್ಸಿನ ಕ್ರಮದಲ್ಲಿ ಒಂದು ಪಂಕ್ತಿಗೆ ಮೊದಲು ನೀಲಿಯ ಅಂಕೆಗಳೆಲ್ಲ, ಬಳಿಕ ಕೆನ್ನೇರಿಳೆ, ಹಳದಿ, ಕಪ್ಪು. ಆಮೇಲೆ ಮುಂದಿನ ಪಂಕ್ತಿ. ಅವನ್ನು ಬಿಡಿಸಿ ಬೇರೆಬೇರೆ ಮಾಡಿ ಮತ್ತೆ ಒಂದರ ಮೇಲೊಂದಿಡಬೇಕು. ಮೊದಲ ಸಲ ಬಣ್ಣಗಳ ಸರದಿ ತಪ್ಪಿ ಕರಿಗಲ್ಲಿನ ಗೋಡೆ ಕೆಂಪಾಯಿತು. ಎರಡನೆಯ ಸಲ ಮಸಿಯಿರುವ ಕಡೆ ಬೆಳಕಾಗಿಯೂ ಇಲ್ಲದ ಕಡೆ ಕತ್ತಲೆಯಾಗಿಯೂ ಬಂದಿತು. ಮೂರನೆಯ ಸಲ ಸರಿಹೋಯಿತೆನ್ನಬಹುದಾದರೂ, ಅದು ಆ ಕಲ್ಲಿನ ನಿಜವಾದ ಬಣ್ಣವೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆ ಅಂಕೆಗಳು ಇಂತಿಷ್ಟು ಮಸಿಯನ್ನು ಹಾಕೆಂದು ಒಂದು ಮುದ್ರಣಯಂತ್ರಕ್ಕೆ ಕೊಟ್ಟ ಆಜ್ಞೆಗಳೇ ಹೊರತು ಬಣ್ಣದ ವರ್ಣನೆಗಳಲ್ಲ. ಯಾವ ಮಸಿ, ಯಾವ ಕಾಗದ ಎಂಬುದು ಗೊತ್ತಿಲ್ಲದೆ ಪರದೆಯ ಮೇಲಿನ ಬಣ್ಣಕ್ಕೆ ಪರಿವರ್ತಿಸುವಾಗ ಊಹೆ ಸೇರಿಕೊಳ್ಳುತ್ತದೆ. ಆದುದರಿಂದ ಪರಿವರ್ತಿಸಿದ ಪ್ರತಿಯ ಜೊತೆಗೆ ನಾಲ್ಕು ಮಸಿಯ ಮೂಲಾಂಕೆಗಳನ್ನೂ ಕೈಮುಟ್ಟದೆ ಇಟ್ಟಿದ್ದೇವೆ. ಪಾಠಾಂತರವನ್ನು ಸೂಚಿಸಿ ಮೂಲವನ್ನು ಅಡಿಯಲ್ಲಿ ಕೊಡುವ ಸಂಪಾದನಶಾಸ್ತ್ರದ ಕ್ರಮವೇ ಇದು, ಹೊಸತೇನೂ ಅಲ್ಲ.

ಪುಟದ ಅಕ್ಷರಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಪೇಜ್‌ಮೇಕರಿನ ಕಡತಗಳನ್ನು ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ 2012ರ ಆವೃತ್ತಿಯವರೆಗೆ ತೆರೆಯುತ್ತಿತ್ತು, ಆಮೇಲೆ ಕೈಬಿಟ್ಟಿತು. 2015ರಿಂದ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಅವನ್ನು ಒಂದು ಮಟ್ಟಿಗೆ ತೆರೆಯುತ್ತದೆ. ತೆರೆದಾಗ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲ. ಅಂದಿನ ಕನ್ನಡ ವಿನ್ಯಾಸಗಳು ಅಕ್ಷರಕ್ಕಲ್ಲ, ಅಕ್ಷರದ ತುಂಡುಗಳಿಗೆ ಸಂಖ್ಯೆ ಕೊಟ್ಟಿದ್ದವು: ತಲೆಕಟ್ಟಿಗೊಂದು, ಕೊಂಬಿಗೊಂದು, ಒತ್ತಿಗೊಂದು. ಒಂದೊಂದು ವಿನ್ಯಾಸದಲ್ಲಿ ಒಂದೊಂದು ಲೆಕ್ಕ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ಥಿರವಾದ ಸಂಖ್ಯೆಗಳು ಗೊತ್ತಾಗಿದ್ದರೂ ಮುದ್ರಣಾಲಯಗಳು ಬಹುಕಾಲ ಅತ್ತ ಹೊರಳಲಿಲ್ಲ. ಅಚ್ಚಾದ ಸಂಚಿಕೆಯನ್ನು ಎದುರಿಗಿಟ್ಟುಕೊಂಡು, ಯಾವ ಸಂಖ್ಯೆ ಯಾವ ತುಂಡಿನದೆಂಬ ಕೋಷ್ಟಕವನ್ನು ನಾವೇ ಕಟ್ಟಬೇಕಾಯಿತು. ಬೆಡಗಿನ ವಚನವನ್ನು ಟೀಕೆಯ ನೆರವಿನಿಂದ ಓದುವ ಅಭ್ಯಾಸವಿದ್ದವರಿಗೆ ಇದು ಬೇಸರದ ಕೆಲಸವಲ್ಲ. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಭಾಗಗಳಾಗಿ ಬಂದ ಸಮಗ್ರ ವಚನ ಸಂಪುಟದ ವಚನಗಳು ಈಗ ಯೂನಿಕೋಡಿನಲ್ಲಿ, ಪದಪದವನ್ನೂ ಹುಡುಕುವಂತೆ ಎಲ್ಲರಿಗೂ ದೊರೆಯುತ್ತಿರುವುದರ ಹಿಂದೆಯೂ ಪರಿವರ್ತನೆಯ ಇಂಥ ಪರಿಶ್ರಮವಿದೆ.

ಇನ್ನು ಓಲೆಗರಿ. ಒಳಪುಟದ ಚಿತ್ರಗಳಿಗೆ ಬಣ್ಣವಿರಲಿಲ್ಲವಾದುದರಿಂದ ಅವನ್ನು ನಗರಕ್ಕೆ ಕಳುಹಿಸದೆ ಕುಮಟೆಯಲ್ಲಿಯೇ ಸ್ಕ್ಯಾನು ಮಾಡಿದ್ದರು. ಅದರಿಂದ ಛಾಯೆಯ ಮೋಸವಿಲ್ಲ. ಆರು ಗರಿಗಳಲ್ಲಿ ಎರಡರ ಟಿಫ್ ಕಡತಗಳು ಪೂರ್ಣವಾಗಿ ದೊರೆತವು. ಅಚ್ಚಾದ ಮೂರು ಅಂಗುಲದ ಚಿತ್ರದಲ್ಲಿ, ಅಂಗುಲಕ್ಕೆ ನೂರು ಚುಕ್ಕೆಯ ಜಾಲರಿಯಂತೆ, ಇಡೀ ಗರಿಗೆ 300 ಚುಕ್ಕೆಗಳಿದ್ದರೆ, ಕಡತದಲ್ಲಿ 1800 ಬಿಂದುಗಳಿದ್ದವು. ಅಕ್ಷರಗಳು ಕಂಠದ ಗೀರು ಸಹಿತವಾಗಿ ಕಂಡವು. ಅದಕ್ಕಿಂತ ಮುಖ್ಯವಾದದ್ದು ಮತ್ತೊಂದಿದೆ. ಪುಟದ ಅಗಲಕ್ಕೆ ಹೊಂದಿಸಲು ಚಿತ್ರದ ಎರಡೂ ಅಂಚುಗಳನ್ನು ಕತ್ತರಿಸಿದ್ದರೆಂದೇ ನಾನು ತಿಳಿದಿದ್ದೆ. ಪೇಜ್‌ಮೇಕರಿನಲ್ಲಿ ಕತ್ತರಿಸುವುದೆಂದರೆ ಮರೆಮಾಡುವುದಷ್ಟೇ. ಮೂಲಕಡತ ಹಾಗೆಯೇ ಉಳಿದಿರುತ್ತದೆ. ಎಡದ ಅಂಚಿನಲ್ಲಿ ಗರಿಯ ಸಂಖ್ಯೆ, ಬಲದ ಅಂಚಿನಲ್ಲಿ ಪಂಕ್ತಿಗಳ ಕೊನೆಯ ನಾಲ್ಕೈದು ಅಕ್ಷರಗಳು, ಇಪ್ಪತ್ತೈದು ವರ್ಷಗಳ ತರುವಾಯ ಹೊರಬಂದವು.

ಸಂಚಿಕೆಯಲ್ಲಿ ಅಚ್ಚಾಗಿದ್ದ ಗರಿಯಲ್ಲಿ ಎರಡು ವಚನಗಳು ಮುಗಿಯುತ್ತವೆ. ಎರಡರ ಕೊನೆಯಲ್ಲಿಯೂ ಬಲದ ಅಂಚಿಗೆ ಸರಿದು ನಿಂತಿರುವುದು 'ಗುಹೇಶ್ವರಾ' ಎಂಬ ಅಂಕಿತ. ಪೂರ್ಣಪಾಠವನ್ನು ಸಮಗ್ರ ಸಂಪುಟದೊಡನೆ ತಾಳೆ ನೋಡಿದೆ. ಎರಡೂ ಅಲ್ಲಮಪ್ರಭುದೇವರ ಎರಡನೆಯ ಸಂಪುಟದಲ್ಲಿರುವ ವಚನಗಳೇ. ಪಾಠಭೇದ ಅಲ್ಪ, ಒಂದೆಡೆ ಮಾತ್ರ ಪದವೊಂದು ಹೆಚ್ಚಾಗಿದೆ. ಹೊಸ ವಚನ ದೊರೆಯಿತೆಂದು ಹೇಳಿಕೊಳ್ಳುವ ಭಾಗ್ಯ ನನ್ನದಲ್ಲ. ಎರಡನೆಯ ಗರಿಯಲ್ಲಿ ಅಂಕಿತವಿಲ್ಲ. ಅದರ ಸಂಖ್ಯೆ ಮೊದಲನೆಯದರ ಮುಂದಿನದಾಗಿರದೆ ಬಹಳ ದೂರದ್ದಾದುದರಿಂದ ಆ ಕಟ್ಟಿನಲ್ಲಿ ಪ್ರಭುದೇವರ ವಚನಗಳಷ್ಟೇ ಇದ್ದವೋ, ಅನೇಕ ಶರಣರ ಸಂಕಲನವಾಗಿತ್ತೋ ಎಂಬುದನ್ನು ನಿರ್ಣಯಿಸಲು ಆಧಾರ ಸಾಲದು. ಆದರೆ ಸಂಚಿಕೆಯ ಒಕ್ಕಣೆ ತಪ್ಪು ಎಂಬುದರಲ್ಲಿ ಸಂಶಯವಿಲ್ಲ. ಆ ಸಂಚಿಕೆ ನಾಲ್ಕಾರು ಗ್ರಂಥಾಲಯಗಳಲ್ಲಿಯೂ ಅನೇಕ ಮನೆಗಳಲ್ಲಿಯೂ ಇದೆ. ಒಬ್ಬಿಬ್ಬರು ವಿದ್ಯಾರ್ಥಿಗಳು ಕರಾವಳಿಯಲ್ಲಿ ಬಸವಣ್ಣನವರ ವಚನಗಳ ಪ್ರಸಾರಕ್ಕೆ ಅದನ್ನು ಸಾಕ್ಷ್ಯವಾಗಿ ಹೇಳಿದ್ದನ್ನೂ ಕಂಡಿದ್ದೇನೆ. ಅವರು 'ಬಸವಣ್ಣನವರ' ಎಂಬ ಪದವನ್ನು ಹೊಡೆದು 'ಅಲ್ಲಮಪ್ರಭುದೇವರ' ಎಂದು ತಿದ್ದಿಕೊಳ್ಳಬೇಕಾಗಿ ಪ್ರಾರ್ಥನೆ.

ಎರಡೂ ಗರಿಗಳ ಚಿತ್ರಗಳನ್ನು ಒತ್ತಡಕ್ಕೊಳಪಡಿಸದ ಟಿಫ್ ರೂಪದಲ್ಲಿಯೇ ಉಳಿಸಿ, ಹಳೆಯ ತಟ್ಟೆಗಳ ಯಥಾಪ್ರತಿಯೊಡನೆ ಮೂರು ಬೇರೆಬೇರೆ ಊರುಗಳಲ್ಲಿ ಇರಿಸಲಾಗಿದೆ. ಪ್ರತಿಯೊಂದರ ಜೊತೆಗೂ, ಇದು ಯಾವ ಬಗೆಯ ಕಡತ, ಎಲ್ಲಿಯದು, ಯಾರು ಯಾವಾಗ ಪರಿವರ್ತಿಸಿದರು ಎಂಬ ಒಂದು ಹಾಳೆಯ ಪುಷ್ಪಿಕೆಯನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆದು ಸೇರಿಸಿದ್ದೇನೆ. ಓದದೆ ಉಳಿದ ನಾಲ್ಕು ಫ್ಲಾಪಿಗಳಲ್ಲಿ ಒಂದರ ಚೀಟಿಯ ಮೇಲೆ ನೀಲಿ ಪೆನ್ಸಿಲಿನಲ್ಲಿ 'ಓಲೆ 3, 4' ಎಂದಿದೆ. ಅದನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ಒಣಗಿಸುತ್ತಿದ್ದೇವೆ. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಓದಿಸಿ ನೋಡಬೇಕು.